ನೆಲಕ್ಕೆ ತಾಳೆಯಾದ ನಕ್ಷೆ

ಸಂರಕ್ಷಿತಾರಣ್ಯ ವಿನ್ಯಾಸ ಕಚೇರಿಯ ನಿಯಮಾವಳಿಯಲ್ಲಿ ಒಟ್ಟು ಇನ್ನೂರ ಆರು ನಿಯಮಗಳಿದ್ದು, ಅವುಗಳ ಪೈಕಿ ಕಾಡಿನ ಪ್ರಸ್ತಾಪ ಬರುವುದು ಎರಡರಲ್ಲಿ ಮಾತ್ರ. ಹದಿನಾಲ್ಕನೆಯ ನಿಯಮದ ಪ್ರಕಾರ ಕಾಡಿನ ನಕ್ಷೆಯೂ ಕಾಡಿನ ನೆಲವೂ ಒಂದಕ್ಕೊಂದು ತಾಳೆಯಾಗತಕ್ಕದ್ದು. ತಾಳೆಯಾಗದಿದ್ದಲ್ಲಿ ನಕ್ಷೆಯನ್ನು ತಿದ್ದತಕ್ಕದ್ದು. ಹದಿನೈದನೆಯ ನಿಯಮದ ಪ್ರಕಾರ ಕಾಡು ಎಷ್ಟೇ ಇರಲಿ, ನಕ್ಷೆಯು ಹಾಳೆಯನ್ನು ತುಂಬಿರತಕ್ಕದ್ದು. ಉಳಿದ ಇನ್ನೂರ ನಾಲ್ಕು ನಿಯಮಗಳು ರಜೆ, ಕುರ್ಚಿ, ಮೊಹರು ಮತ್ತು ಶೌಚಾಲಯದ ಬೀಗದ ಕೈಗೆ ಸಂಬಂಧಿಸಿದವು.

ಈ ಕಚೇರಿಯ ನಕ್ಷೆಗಾರ ಹತ್ತೊಂಬತ್ತು ವರ್ಷ ಸ್ಟೂಲಿನ ಮೇಲೆ ಕುಳಿತಿದ್ದ. ಅದೇನೂ ಶಿಕ್ಷೆಯಲ್ಲ, ಮೂವತ್ತೊಂದನೆಯ ನಿಯಮ. ಕಾಯಂ ನೌಕರರಿಗೆ ಬೆನ್ನಿರುವ ಕುರ್ಚಿ, ಹಂಗಾಮಿ ನೌಕರರಿಗೆ ಬೆನ್ನಿಲ್ಲದ ಸ್ಟೂಲು. ಹಂಗಾಮಿ ನಕ್ಷೆಗಾರನ ಒಂದೇ ಒಂದು ನಕ್ಷೆ ಏಳು ಮೇಜುಗಳ ಸಹಿ ಪಡೆದು ಮಂಜೂರಾಯಿತೆಂದರೆ ಅವತ್ತೇ ಅವನು ಕಾಯಂ, ಅವತ್ತೇ ಕುರ್ಚಿ, ಅವತ್ತೇ ಬಾಗಿಲ ಪಕ್ಕದ ಹಲಗೆಯ ಮೇಲೆ ಅವನ ಹೆಸರು. ಒಂದೇ ಒಂದು ನಕ್ಷೆ. ಕೆಲಸಕ್ಕೆ ಸೇರಿದ ದಿನ ಇದನ್ನು ಕೇಳಿದಾಗ ಅವನಿಗೆ ನಗು ಬಂದಿತ್ತು. ಒಂದು ನಕ್ಷೆ ಬರೆಯುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದ.

ಆಗ ಕಾಡು ನಾನೂರು ಚದರ ಕಿಲೋಮೀಟರ್ ಇತ್ತು. ಕಾಡಿನ ಅಳತೆ ತರುತ್ತಿದ್ದವಳು ಅಲ್ಲಿಯ ಕಾವಲುಗಾರ್ತಿ. ಸೊಂಟಕ್ಕೆ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡಿರುತ್ತಿದ್ದಳಾದ್ದರಿಂದ ಎಲ್ಲರೂ ಅವಳನ್ನು ಟೇಪಮ್ಮ ಎನ್ನುತ್ತಿದ್ದರು. ಅವಳಿಗೆ ಕಾಡನ್ನು ಒಂದು ಸುತ್ತು ಹಾಕಲು ಒಂಬತ್ತು ದಿನ ಬೇಕಾಗುತ್ತಿತ್ತು. ಬುತ್ತಿ ಕಟ್ಟಿಕೊಂಡು ಹೋಗಿ, ಹತ್ತನೆಯ ದಿನ ಬೂಟಿನ ತುಂಬ ಕೆಸರು ತಂದು ಕಚೇರಿಯ ನೆಲಕ್ಕೆಲ್ಲ ಹಚ್ಚಿ, "ಬರ್ಕೊಳ್ಳಿ ನಕ್ಷೆಯವರೇ" ಎನ್ನುತ್ತಿದ್ದಳು. ನಕ್ಷೆಗಾರ ಬರೆದುಕೊಂಡ. ಕಾಡಿನ ಅಂಚು ಕಡಿಮೆಯಾದಷ್ಟೂ ಒಳಗಿನ ಪ್ರಾಣಿಗಳಿಗೆ ಕಾಟ ಕಡಿಮೆ ಎಂದು ಪುಸ್ತಕದಲ್ಲಿ ಓದಿದ್ದರಿಂದ, ಉಂಡೆಯಂಥ ಗುಂಡಗಿನ ವಿನ್ಯಾಸ ಮಾಡಿದ. ಹೊಳೆ ಒಳಗೆ, ಗುಡ್ಡ ಒಳಗೆ, ಜಿಂಕೆ ನೀರು ಕುಡಿಯುವ ಜಾಗ ಒಳಗೆ. ಅಷ್ಟು ಚಂದದ ನಕ್ಷೆಯನ್ನು ಆಮೇಲೆ ಅವನು ಬರೆಯಲಿಲ್ಲ.

ನಕ್ಷೆ ಏಳು ಮೇಜುಗಳನ್ನು ದಾಟಲು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಇದು ವಿಳಂಬವಲ್ಲ. ಒಂದೊಂದು ಮೇಜಿಗೆ ಎರಡೆರಡು ತಿಂಗಳು ಎಂದು ನಿಯಮವೇ ಇದೆ, ಬೇಗ ಮುಗಿಸಿದವರಿಂದ ವಿವರಣೆ ಕೇಳಲಾಗುತ್ತದೆ. ನಕ್ಷೆ ಏಳನೆಯ ಮೇಜಿಗೆ, ಅಂದರೆ ನಿರ್ದೇಶಕರ ಮುಂದೆ ಬಂದಾಗ ಅವರು ಟೇಪಮ್ಮನನ್ನು ಕರೆಸಿ ಕೇಳಿದರು.

"ಕಾಡು ಎಷ್ಟಿದೆಯಮ್ಮಾ?"

"ಮುನ್ನೂರ ಹತ್ತು ಸಾರ್."

"ನಕ್ಷೆಯಲ್ಲಿ ನಾನೂರು ಇದೆ."

"ಬರೆದಾಗ ನಾನೂರೇ ಇತ್ತು ಸಾರ್."

ನಿರ್ದೇಶಕರು ತುಂಬಾ ಸಜ್ಜನರು. ಯಾರ ಮೇಲೂ ದನಿ ಎತ್ತಿದವರಲ್ಲ. ನಕ್ಷೆಗಾರನನ್ನು ಕರೆದು, "ನೋಡಿ, ನಕ್ಷೆ ನೆಲಕ್ಕೆ ತಾಳೆ ಆಗ್ತಿಲ್ಲ. ನೆಲ ತಿದ್ದೋ ಅಧಿಕಾರ ನಮಗಿಲ್ಲ. ನಕ್ಷೆ ತಿದ್ದಿಕೊಂಡು ಬನ್ನಿ" ಎಂದರು. ನಕ್ಷೆಗಾರ ಮುನ್ನೂರ ಹತ್ತಕ್ಕೆ ತಿದ್ದಿ ಕಳಿಸಿದ. ಅದು ಏಳನೆಯ ಮೇಜಿಗೆ ಬಂದಾಗ ಕಾಡು ಇನ್ನೂರ ನಲವತ್ತಾಗಿತ್ತು.

ಉಳಿದ ಕಾಡು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಬಹುದು. ಕಚೇರಿಯಲ್ಲಿ ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿತ್ತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನೆಲ ಬಿಡುಗಡೆ ಶಾಖೆ ಇತ್ತು. ಕಾಡಲ್ಲದ ನೆಲವನ್ನು ಕಟ್ಟಡ, ರಸ್ತೆ, ಗೋದಾಮುಗಳಿಗೆ ಬಿಡುಗಡೆ ಮಾಡುವುದು ಅವರ ಕೆಲಸ. ಎರಡೂ ಕಚೇರಿಗಳ ನಡುವೆ ಸೌಹಾರ್ದ ಇರಲೆಂದು ಏಳು ಮೇಜುಗಳಲ್ಲಿ ನಾಲ್ಕನೆಯದನ್ನು ಅವರಿಗೇ ಕೊಡಲಾಗಿತ್ತು. ಅಲ್ಲಿಯವರು ಸಂರಕ್ಷಿತಾರಣ್ಯದ ನಕ್ಷೆಯನ್ನು ಬಹಳ ಗೌರವದಿಂದ ನೋಡುತ್ತಿದ್ದರು. ಗೆರೆಯ ಒಳಗಿನದನ್ನು ಅವರು ಮುಟ್ಟುವಂತಿರಲಿಲ್ಲ. ಗೆರೆಯ ಹೊರಗೆ ಉಳಿದದ್ದು ಏನೇ ಇರಲಿ, ಅದು ಕಾಡಲ್ಲ ಎಂದು ತಜ್ಞ ಕಚೇರಿಯೇ ಬರೆದುಕೊಟ್ಟ ಹಾಗಾಯಿತಲ್ಲ. ಗುಂಡಗಿನ ಗೆರೆ ಎಳೆದರೆ ಹೊರಗೆ ಮೂಲೆಗಳು ಉಳಿಯುತ್ತವೆ. ಮೂಲೆಗಳಿಗೆ ರಸ್ತೆ ಬೇಕಾಗುತ್ತದೆ. ರಸ್ತೆ ಗೆರೆಯ ಒಳಗಿನಿಂದಲೇ ಹೋಗಬೇಕಾಗುತ್ತದೆ.

ಆರು ವರ್ಷಗಳಾದ ಮೇಲೆ ಒಂದು ಸಂಜೆ ನಕ್ಷೆಗಾರ ಅಡುಗೆಮನೆಯ ಗೋಡೆಗೆ ಬೆನ್ನು ಒತ್ತಿ ನಿಂತಿದ್ದ. ಮನೆಯಲ್ಲಿ ಅವನ ಬೆನ್ನಿಗೆ ಹಿತವಾದ ಜಾಗ ಅದೊಂದೇ. ಹೆಂಡತಿ ತರಕಾರಿ ಹೆಚ್ಚುತ್ತಾ ಹೇಳಿದಳು.

"ಸ್ಟೂಲ್ ಮೇಲೆ ಕೂತೂ ಕೂತೂ ನೀವು ಪ್ರಶ್ನೆ ಚಿಹ್ನೆ ಥರ ಆಗ್ಬಿಟ್ರಿ. ನನ್ನ ತಮ್ಮನ್ನ ನೋಡಿ. ನೀರಿನ ಕಚೇರಿ ಸೇರಿ ಮೂರೇ ವರ್ಷಕ್ಕೆ ಕಾಯಂ ಆದ. ನಲ್ಲೀಲಿ ನೀರು ಬರದಿದ್ರೂ ಅವನು ಕಾಯಂ."

"ಅವನದು ನೀರು ಕಣೇ. ನನ್ನದು ಕಾಡು. ಕಾಡು ಒಂದು ಕಡೆ ನಿಂತ್ರೆ ತಾನೇ ನಾನು ಕೂರೋದು?"

"ಅದು ಓಡ್ತಾ ಇದ್ರೆ ನೀವು ಹಿಂದಿಂದ ಯಾಕೆ ಓಡ್ತೀರಿ? ಮುಂದೆ ಹೋಗಿ ನಿಂತ್ಕೊಳ್ಳಿ. ಬಸ್ಸು ಹಿಡಿಯೋದು ಹಾಗೇ ಅಲ್ವಾ?"

ನಕ್ಷೆಗಾರ ಗೋಡೆಯಿಂದ ಬೆನ್ನು ತೆಗೆದ. ಆ ಮಾತಿನಲ್ಲಿ ಎಷ್ಟು ಅರ್ಥವಿದೆ ಎಂದು ಹೇಳಿದವಳಿಗೇ ಗೊತ್ತಿರಲಿಲ್ಲ. ಹೌದಲ್ಲ, ನಕ್ಷೆ ಹೊರಡುವಾಗ ಕಾಡು ಎಷ್ಟಿದೆ ಎಂಬುದು ಯಾರಿಗೆ ಬೇಕು? ಅದು ಏಳನೆಯ ಮೇಜಿಗೆ ತಲುಪುವಾಗ ಕಾಡು ಎಷ್ಟಿರುತ್ತದೋ ಅಷ್ಟನ್ನೇ ಈಗಲೇ ಬರೆದುಬಿಟ್ಟರೆ? ಹದಿನಾಲ್ಕು ತಿಂಗಳಿಗೆ ಕಾಡು ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಮರುದಿನ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತವನೇ, ನೂರ ಎಂಬತ್ತು ಚದರ ಕಿಲೋಮೀಟರ್ ಇದ್ದ ಕಾಡನ್ನು ನೂರ ಮೂವತ್ತು ಎಂದು ಬರೆದ. ಅದಕ್ಕೆ ಮುಂಗಡ ನಕ್ಷೆ ಎಂದು ಹೆಸರಿಟ್ಟ. ನಿರ್ದೇಶಕರಿಗೆ ಇದು ಎಷ್ಟು ಹಿಡಿಸಿತೆಂದರೆ, ಎಲ್ಲ ಶಾಖೆಗಳಿಗೂ ಸುತ್ತೋಲೆ ಹೊರಡಿಸಿದರು: "ಕಾಡಿನ ನಾಶವನ್ನು ವಿನ್ಯಾಸದಲ್ಲೇ ಅಳವಡಿಸಿಕೊಂಡಿರುವ ಈ ದೂರದೃಷ್ಟಿಯು ಅನುಕರಣೀಯವಾಗಿದೆ."

ಟೇಪಮ್ಮ ಮಾತ್ರ ನಕ್ಷೆಯನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಏನ್ ನಕ್ಷೆಯವರೇ ಇದು? ಬಿದಿರು ಮೆಳೆ ಗೆರೆಯಿಂದ ಆಚೆ ಇದೆ? ನಿನ್ನೆ ತಾನೇ ನೋಡ್ಕೊಂಡು ಬಂದಿದೀನಿ. ಗಟ್ಟಿಮುಟ್ಟಾಗಿದೆ."

"ಈಗಿದೆಯಮ್ಮ. ಮುಂದಿನ ವರ್ಷ ಇರಲ್ಲ."

"ಅದಕ್ಕೆ ಗೊತ್ತಾ ಅದು?"

ನಕ್ಷೆಗಾರ ಪೆನ್ಸಿಲು ಚೂಪು ಮಾಡತೊಡಗಿದ. ಕೆಟ್ಟದ್ದು ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಹೇಗೂ ಹೋಗುವುದನ್ನು ಹೋಗುತ್ತದೆ ಎಂದು ಬರೆದಿದ್ದ, ಅಷ್ಟೇ.

ನಕ್ಷೆ ನಾಲ್ಕನೆಯ ಮೇಜಿಗೆ ಹೋಯಿತು. ಅಲ್ಲಿಯವರು ನೋಡಿದರು. ವಿನ್ಯಾಸ ಕಚೇರಿಯವರೇ ನೂರ ಮೂವತ್ತು ಸಾಕು ಎನ್ನುತ್ತಿರುವಾಗ ತಾವು ನೂರ ಎಂಬತ್ತನ್ನು ಹಿಡಿದುಕೊಂಡು ಕೂರುವುದು ಅಗೌರವವಾಗುತ್ತದೆ ಎಂದು ಹೆದರಿ, ಐವತ್ತು ಚದರ ಕಿಲೋಮೀಟರನ್ನು ಮೂರೇ ವಾರದಲ್ಲಿ ಬಿಡುಗಡೆ ಮಾಡಿದರು. ನಕ್ಷೆ ಏಳನೆಯ ಮೇಜಿಗೆ ಬಂದಾಗ ಕಾಡು ಎಂಬತ್ತಕ್ಕೆ ಇಳಿದಿತ್ತು. ನಕ್ಷೆಗಾರ ಮುಂದಿನ ಸಲ ಇನ್ನೂ ಮುಂದೆ ಹೋಗಿ ನಿಂತ. ಕಾಡು ಇನ್ನೂ ಜೋರಾಗಿ ಓಡಿತು. ಅವನು ಮೂವತ್ತು ಎಂದರೆ ಅದು ಹನ್ನೆರಡು, ಅವನು ಐದು ಎಂದರೆ ಅದು ಎರಡು. ಇಬ್ಬರಿಗೂ ಪೈಪೋಟಿ ಬಿದ್ದಂತಿತ್ತು, ಗೆಲ್ಲುತ್ತಿದ್ದದ್ದು ಮೇಲಿನ ಮಹಡಿ.

ಆ ಹೊತ್ತಿಗೆ ಕಾಡಿನ ನಡುವೆ ರಸ್ತೆಗಳು ಅಡ್ಡಡ್ಡ ಉದ್ದುದ್ದ ಹಾಯ್ದು ಅದು ಹನ್ನೆರಡು ತುಂಡಾಗಿತ್ತು. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಕಚೇರಿ ಒಬ್ಬ ತಜ್ಞರನ್ನು ಕರೆಸಿತು. ತಜ್ಞರು ಎರಡು ದಿನ ಯೋಚಿಸಿ, ಒಂದು ದೊಡ್ಡ ಕಾಡು ಒಳ್ಳೆಯದೋ ಹಲವು ಸಣ್ಣ ಕಾಡುಗಳು ಒಳ್ಳೆಯವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಆದರೆ ಸದ್ಯ ದೊಡ್ಡದು ಇಲ್ಲವಾದ್ದರಿಂದ ಸಣ್ಣವೇ ಒಳ್ಳೆಯವು ಎಂದು ವರದಿ ಕೊಟ್ಟರು. ಮರುದಿನ ಕಚೇರಿಯ ಬಾಗಿಲಲ್ಲಿ ಪ್ರಕಟಣೆ ಅಂಟಿಸಲಾಯಿತು: "ಈವರೆಗೆ ಕೇವಲ ಒಂದು ಕಾಡನ್ನು ಹೊಂದಿದ್ದ ನಾವು ಈಗ ಹನ್ನೆರಡು ಕಾಡುಗಳನ್ನು ಹೊಂದಿದ್ದೇವೆಂದು ತಿಳಿಸಲು ಹರ್ಷಿಸುತ್ತೇವೆ. ಹೆಚ್ಚಳ ಶೇಕಡಾ ಸಾವಿರದ ನೂರು."

ತುಂಡುಗಳ ನಡುವೆ ಪ್ರಾಣಿಗಳು ಓಡಾಡಲು ಓಣಿ ಇರಬೇಕು ಎಂದೂ ತಜ್ಞರು ಬರೆದಿದ್ದರು. ನಕ್ಷೆಗಾರ ಸ್ಕೇಲು ಇಟ್ಟು ತುಂಡಿನಿಂದ ತುಂಡಿಗೆ ನೇರ ಗೆರೆ ಎಳೆದ. ಗೆರೆ ಪೇಟೆಯ ನಡುವೆ ಹಾದುಹೋಯಿತು. ಓಣಿಯ ಅಗಲ ಒಂದು ಅಡಿ. ಎರಡೂ ಕಡೆ ಫಲಕ ಹಾಕಿಸಲಾಯಿತು: "ಪ್ರಾಣಿಗಳು ಒಂದರ ಹಿಂದೊಂದು ಎಡಬದಿಯಲ್ಲೇ ನಡೆಯತಕ್ಕದ್ದು. ಬೇಟೆಯಾಡುವ ಪ್ರಾಣಿಗಳು ತಮ್ಮ ಬೇಟೆಗೆ ಮೊದಲು ದಾರಿ ಬಿಡತಕ್ಕದ್ದು. ಮರಿಗಳನ್ನು ತಾಯಂದಿರು ಜೊತೆಯಲ್ಲೇ ಕರೆದೊಯ್ಯತಕ್ಕದ್ದು. ಹಾರುವ ಪಕ್ಷಿಗಳಿಗೂ ಇದು ಅನ್ವಯಿಸುತ್ತದೆ."

ಓಣಿಯಲ್ಲಿ ಬಂದ ಮೊದಲ ಪ್ರಾಣಿ ಒಂದು ಜಿಂಕೆ. ಕೊನೆಯ ಪ್ರಾಣಿಯೂ ಅದೇ. ಅದು ಎಡಬದಿಯಲ್ಲೇ ನಡೆದು, ಎಡಬದಿಯಲ್ಲೇ ಇದ್ದ ಕ್ಷೌರದಂಗಡಿಯನ್ನು ಹೊಕ್ಕಿತು. ಕ್ಷೌರಿಕ ಅಂಗಡಿ ಬಿಟ್ಟು ಕಚೇರಿಗೆ ಓಡಿಬಂದ.

"ಸಾರ್, ಕನ್ನಡಿ ಮುಂದೆ ನಿಂತ್ಕೊಂಡು ಅಲ್ಲಾಡ್ತಾನೇ ಇಲ್ಲ. ಒಬ್ಬ ಗಿರಾಕಿಗೆ ಅರ್ಧ ತಲೆ ಆಗಿದೆ. ಅವನು ಹೊರಗೂ ಹೋಗೋ ಹಾಗಿಲ್ಲ, ಒಳಗೂ ಇರೋ ಹಾಗಿಲ್ಲ."

ತಜ್ಞರು ನೋಟ್‌ಬುಕ್ ಹಿಡಿದು ಸ್ಥಳಕ್ಕೆ ಧಾವಿಸಿದರು. ಜಿಂಕೆ ಕನ್ನಡಿಯಲ್ಲಿದ್ದ ಜಿಂಕೆಯನ್ನು ನೋಡುತ್ತಾ ನಿಂತಿತ್ತು. ಬಹಳ ದಿನಗಳಿಂದ ಅದು ತನ್ನ ಜಾತಿಯ ಇನ್ನೊಂದನ್ನು ಕಂಡಿರಲಿಲ್ಲ. ತಜ್ಞರು ಬಾಗಿಲಲ್ಲೇ ನಿಂತು ಎಣಿಸಿ, ಓಣಿಯ ಫಲವಾಗಿ ಜಿಂಕೆಗಳ ಸಂಖ್ಯೆ ದ್ವಿಗುಣಗೊಂಡಿದೆ ಎಂದು ಬರೆದುಕೊಂಡರು. ಅಂಗಡಿಯಲ್ಲಿ ಎದುರುಬದುರು ಕನ್ನಡಿಗಳಿದ್ದಿದ್ದರೆ ಅವರು ಹಿಂಡನ್ನೇ ವರದಿ ಮಾಡುತ್ತಿದ್ದರೇನೋ. ಟೇಪಮ್ಮ ಬಂದು ಜಿಂಕೆಯ ಕೊರಳಿಗೆ ಕೈ ಹಾಕಿ, ಸಣ್ಣ ಮಗುವನ್ನು ಕರೆದೊಯ್ಯುವಂತೆ ಕರೆದೊಯ್ದಳು. ಬಾಗಿಲು ದಾಟುವವರೆಗೂ ಅದು ಕನ್ನಡಿಯ ಕಡೆ ತಿರುತಿರುಗಿ ನೋಡುತ್ತಿತ್ತು. ಅಂದು ಸಂಜೆ ನಕ್ಷೆಗಾರ ಓಣಿಯ ಗೆರೆ ಅಳಿಸಲು ರಬ್ಬರು ಹುಡುಕಿದ. ಆದರೆ ಆ ವರ್ಷದ ನಕ್ಷೆ ಆಗಲೇ ಮೂರನೆಯ ಮೇಜಿನಲ್ಲಿತ್ತು.

ತಜ್ಞರದು ಇನ್ನೊಂದು ಸೂತ್ರವೂ ಇತ್ತು. ಅಂಚಿನಿಂದ ನೂರು ಮೀಟರ್ ಒಳಗೆ ಹೋದ ಮೇಲೆ ಸಿಗುವುದೇ ನಿಜವಾದ ಕಾಡು, ಅದಕ್ಕೆ ಒಳವಲಯ ಎಂದು ಹೆಸರು, ಅದನ್ನು ನಕ್ಷೆಯಲ್ಲಿ ಕಡು ಹಸಿರಿನಲ್ಲಿ ತೋರಿಸಬೇಕು. ಹನ್ನೊಂದು ತುಂಡುಗಳು ಹೋಗಿ ಒಂದೇ ಉಳಿದಾಗ, ಅದರ ಅಗಲ ನೂರ ಐವತ್ತು ಮೀಟರ್. ನಕ್ಷೆಗಾರ ಆ ಕಡೆಯಿಂದ ನೂರು ಒಳಗೆ ಬಂದ, ಈ ಕಡೆಯಿಂದ ನೂರು ಒಳಗೆ ಬಂದ, ಎರಡೂ ಗೆರೆಗಳು ಒಂದನ್ನೊಂದು ದಾಟಿ ಆಚೆ ಹೋದವು. ಗಾಬರಿಯಿಂದ ನಿರ್ದೇಶಕರ ಹತ್ತಿರ ಓಡಿದ.

"ಸಾರ್, ಒಳವಲಯ ಮೈನಸ್ ಐವತ್ತು ಮೀಟರ್ ಬರ್ತಿದೆ."

ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬರಲಿ ಬಿಡಿ. ಇಲ್ಲ ಅಂತ ಅಲ್ಲವಲ್ಲ, ಮೈನಸ್ ಇದೆ. ಮೈನಸ್ ಜಾಗಕ್ಕೆ ಯಾರು ತಾನೇ ನುಗ್ತಾರೆ? ಇದಕ್ಕಿಂತ ಭದ್ರವಾದ ಒಳವಲಯ ಬೇರೆಲ್ಲೂ ಸಿಗಲ್ಲ. ಕಡು ಹಸಿರು ಹಚ್ಚಿ."

ಇಷ್ಟೆಲ್ಲ ಆಗುತ್ತಿದ್ದರೂ ಹೊರಗಿನವರಿಗೆ ಏನೂ ಆದಂತೆ ಕಾಣುತ್ತಿರಲಿಲ್ಲ. ಅದು ಹದಿನೈದನೆಯ ನಿಯಮದ ಮಹಿಮೆ. ಕಾಡು ಎಷ್ಟೇ ಕುಗ್ಗಲಿ, ಅಳತೆಯ ಪ್ರಮಾಣ ಬದಲಿಸಿ ಹಾಳೆ ತುಂಬಾ ಬರೆಯಬೇಕಾದ್ದರಿಂದ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಅಷ್ಟೂ ವರ್ಷಗಳ ನಕ್ಷೆಗಳು ಒಂದೇ ಗಾತ್ರದವಾಗಿದ್ದವು. ಅಳತೆ ಎಷ್ಟೆಂಬುದು ಕೆಳಗಿನ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿತ್ತು. ಒಮ್ಮೆ ಸಚಿವರು ಬಂದು, ಮೊದಲ ನಕ್ಷೆಯಿಂದ ಕೊನೆಯದರವರೆಗೆ ಕೈ ಹಿಂದೆ ಕಟ್ಟಿಕೊಂಡು ನಡೆದು, ಕಣ್ತುಂಬಿಕೊಂಡು ಹೇಳಿದರು: "ಇಷ್ಟು ವರ್ಷಗಳಲ್ಲಿ ಒಂದು ಇಂಚೂ ಕಡಿಮೆಯಾಗಿಲ್ಲ!" ಅದು ಅಕ್ಷರಶಃ ನಿಜವಾಗಿದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಗೆ ಬೋಳು ಮೈದಾನದ ನಡುವೆ ಒಂದೇ ಮರ ಉಳಿಯಿತು. ಅದರಲ್ಲಿ ಒಂದು ಗೂಬೆ. ಟೇಪಮ್ಮನ ಸುತ್ತು ಈಗ ಒಲೆಯ ಮೇಲಿಟ್ಟ ಟೀ ಉಕ್ಕುವುದರೊಳಗೆ ಮುಗಿಯುತ್ತಿತ್ತು. ಆದರೂ ಅವಳು ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದಳು, ಮರದ ಬುಡದಲ್ಲಿ ಕೂತು ಉಣ್ಣುತ್ತಿದ್ದಳು, ಮೇಲೆ ನೋಡಿ ಗೂಬೆಯ ಜೊತೆ ಮಾತಾಡುತ್ತಿದ್ದಳು. ನಕ್ಷೆಗಾರನ ನಿವೃತ್ತಿಗೆ ಎರಡೂವರೆ ವರ್ಷ ಉಳಿದಿತ್ತು. ಅಂದರೆ ಹೆಚ್ಚೆಂದರೆ ಎರಡು ನಕ್ಷೆ. ಎರಡೂ ಹೋದರೆ ಅವನು ಸ್ಟೂಲಿನಿಂದ ಎದ್ದು ನೇರ ಮನೆಗೆ ನಡೆಯಬೇಕು. ಹಂಗಾಮಿಯವರಿಗೆ ಬೀಳ್ಕೊಡುಗೆಯೂ ಇಲ್ಲ, ಅವರು ಬಂದೇ ಇರಲಿಲ್ಲವೆಂದು ನಿಯಮ.

"ಈ ಸಲ ಮುಂಗಡ ಗಿಂಗಡ ಏನೂ ಬೇಡ ನಕ್ಷೆಯವರೇ" ಎಂದಳು ಟೇಪಮ್ಮ. "ಇರೋದನ್ನ ಇರೋ ಹಾಗೇ ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಆಯ್ತಮ್ಮ, ಇರೋ ಹಾಗೇ ಬರೀತೀನಿ" ಎಂದ ನಕ್ಷೆಗಾರ. ಮನಸ್ಸಿನಿಂದಲೇ ಹೇಳಿದ.

ಬರೆಯಲು ಕೂತಾಗ ಗೊತ್ತಾಯಿತು, ಮರದ ಕಾಂಡದ ಸುತ್ತಳತೆ ಹಾಳೆಗೆ ಸರಿಯಾಗಿ ಕೂರುತ್ತಿದೆ. ಒಂದಕ್ಕೆ ಒಂದು ಅಳತೆ. ಹಿಗ್ಗಿಸುವುದೂ ಬೇಡ, ಕುಗ್ಗಿಸುವುದೂ ಬೇಡ. ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ಜಗತ್ತಿನಲ್ಲಿ ಯಾವ ಕಚೇರಿಗಾದ್ರೂ ಒಂದಕ್ಕೊಂದು ಅಳತೆಯ ನಕ್ಷೆ ಇದೆಯೇನ್ರೀ? ಇದಕ್ಕಿಂತ ನಿಖರವಾದದ್ದು ದೇವರೂ ಬರೆಯೋಕಾಗಲ್ಲ!" ಕೊಂಬೆಗಳನ್ನೂ ಸೇರಿಸಿದರೆ ಅಳತೆ ಬದಲಿಸಬೇಕಾಗುತ್ತದೆ ಎಂದು ನಕ್ಷೆಗಾರ ಮೆಲ್ಲಗೆ ಹೇಳಿದ. ನಿರ್ದೇಶಕರು ಕೊಂಬೆ ಬೇಡ ಎಂದರು. ಹಾಳೆಯ ಮೇಲೆ ಕಾಂಡದ ಒಂದು ಉಂಗುರ ಮೂಡಿತು, ಅದೇ ಸಂರಕ್ಷಿತಾರಣ್ಯ. ಈ ಸಲ ಸಹಿ ಬಿದ್ದೇ ಬೀಳುತ್ತದೆಂದು ಹೆಂಡತಿ ತಮ್ಮನ ಮನೆಗೆ ಆಗಲೇ ಸುದ್ದಿ ಮುಟ್ಟಿಸಿದಳು.

ನಾಲ್ಕನೆಯ ಮೇಜಿನವರು ನಕ್ಷೆಯನ್ನು ಎಂದಿನಂತೆ ಗೌರವದಿಂದ ನೋಡಿದರು. ಉಂಗುರದ ಒಳಗಿನದನ್ನು ಮುಟ್ಟುವಂತಿಲ್ಲ. ಆದರೆ ಕೊಂಬೆಗಳು ಗೆರೆಯಿಂದ ಬಹಳ ಆಚೆ ಚಾಚಿಕೊಂಡಿದ್ದವು. ಬೇರುಗಳ ವಿಷಯ ವಿಚಾರಿಸಿದಾಗ, ಅವಂತೂ ಯಾರ ಅನುಮತಿಯೂ ಇಲ್ಲದೆ ನೆಲದಡಿಯಲ್ಲಿ ಗೆರೆ ದಾಟಿ ನಲವತ್ತು ಅಡಿ ಹೋಗಿರುವುದು ಬೆಳಕಿಗೆ ಬಂತು. ಕೊಂಬೆಗಳನ್ನು ಮಂಗಳವಾರ ಬಿಡುಗಡೆ ಮಾಡಲಾಯಿತು, ಬೇರುಗಳನ್ನು ಗುರುವಾರ. ಕಾಂಡಕ್ಕೆ ಒಂದು ಗೀರೂ ಬೀಳದಂತೆ ಕೆಲಸ ಮಾಡಿದ್ದಕ್ಕೆ ಆಳುಗಳನ್ನು ನಿರ್ದೇಶಕರು ಅಭಿನಂದಿಸಿದರು. ಕಾಂಡ ಪೂರ್ಣ ಸಂರಕ್ಷಣೆಯಲ್ಲಿ ಎಂಟು ದಿನ ನಿಂತಿತ್ತು. ಒಂಬತ್ತನೆಯ ದಿನ ಸ್ವಲ್ಪ ಗಾಳಿ ಬೀಸಿತು.

ಗೂಬೆ ಹಾರಿಬಂದು ಕಚೇರಿಯ ಕಡತಗಳ ಕಪಾಟಿನ ಮೇಲೆ ಕುಳಿತುಕೊಂಡಿತು. ಕಚೇರಿಯನ್ನು ಕಾಡೆಂದು ಪರಿಗಣಿಸಲು ಅವಕಾಶವಿಲ್ಲದ್ದರಿಂದ ಅದನ್ನು ಸಂದರ್ಶಕರ ಪುಸ್ತಕದಲ್ಲಿ ನಮೂದಿಸಲಾಯಿತು. ಭೇಟಿಯ ಉದ್ದೇಶ ಎಂಬಲ್ಲಿ ಗುಮಾಸ್ತ "ಹೇಳಲಿಲ್ಲ" ಎಂದು ಬರೆದ.

ಉಂಗುರದ ನಕ್ಷೆ ಏಳನೆಯ ಮೇಜಿನಿಂದ ವಾಪಸು ಬಂದ ದಿನ ಟೇಪಮ್ಮ ನಕ್ಷೆಗಾರನ ಮೇಜಿನ ಮುಂದೆ ಬಂದು ನಿಂತಳು. ಬೂಟು ಶುಭ್ರವಾಗಿತ್ತು.

"ಬರ್ಕೊಳ್ಳಿ. ಸೊನ್ನೆ."

ನಕ್ಷೆಗಾರ ಅವಳ ಮುಖ ನೋಡಲಾರದೆ ಹಾಳೆ ನೋಡಿದ. ಅವನಿಗೆ ನಾಚಿಕೆಯಾಗಿತ್ತು, ಬೆನ್ನು ನೋಯುತ್ತಿತ್ತು, ನಿವೃತ್ತಿಗೆ ಹದಿನಾರು ತಿಂಗಳಿತ್ತು. ಹಾಳೆಗೆ ಸುತ್ತಲೂ ಅಂಚು ಹಾಕಿದ, ಉತ್ತರ ದಿಕ್ಕಿನ ಬಾಣ ಬರೆದ, ಕೆಳಗೆ ತನ್ನ ಸಹಿ ಹಾಕಿದ. ಕಾಡೇ ಇಲ್ಲದ ಮೇಲೆ ಅದರ ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದಾದ್ದರಿಂದ, ಮರ ನಿಂತಿದ್ದ ಆ ಒಂದು ಗೇಣು ಜಾಗ ಮಾತ್ರವಲ್ಲ, ಅದರ ಸುತ್ತಲ ಬೋಳು ಮೈದಾನವೆಲ್ಲ ಈಗ ನಕ್ಷೆಯೊಳಗೇ ಇತ್ತು. ಒಳಗೆ ಬರೆಯಲು ಏನೂ ಇರಲಿಲ್ಲ. ಆ ಏನೂ ಇಲ್ಲದ್ದು ಹದಿನೈದನೆಯ ನಿಯಮದ ಪ್ರಕಾರ ಹಾಳೆಯನ್ನು ಅಂಚಿನಿಂದ ಅಂಚಿಗೆ ತುಂಬಿತ್ತು. ಖಾಲಿ ಹಾಳೆಯನ್ನು ಅವನು ಮೊದಲನೆಯ ಮೇಜಿಗೆ ಕಳಿಸಿದ.

ನಾಲ್ಕನೆಯ ಮೇಜಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ತೆಗೆಯಲು ಏನೂ ಸಿಗದೆ ಮೊಟ್ಟಮೊದಲ ಬಾರಿಗೆ ಹಾಗೇ ಸಹಿ ಹಾಕಿದರು. ಹದಿನಾಲ್ಕು ತಿಂಗಳಾದ ಮೇಲೆ ಹಾಳೆ ಏಳನೆಯ ಮೇಜಿಗೆ ಬಂತು. ನಿರ್ದೇಶಕರು ಅದನ್ನು ಹಿಡಿದುಕೊಂಡು, ಟೇಪಮ್ಮನನ್ನೂ ತಜ್ಞರನ್ನೂ ಜೊತೆಗೆ ಕರೆದುಕೊಂಡು ಮೈದಾನಕ್ಕೆ ಹೋದರು. ಹಾಳೆ ನೋಡಿದರು, ನೆಲ ನೋಡಿದರು. ಮತ್ತೆ ಹಾಳೆ ನೋಡಿದರು.

"ತಾಳೆ ಆಯ್ತು" ಎಂದರು.

ಕಚೇರಿಯ ಇತಿಹಾಸದಲ್ಲಿ ಅಂಥ ದಿನ ಬಂದಿರಲಿಲ್ಲ. ತಜ್ಞರು ಮಾತಾಡುತ್ತಾ, ಕಾಡಿನ ನಾಶವು ಜಗತ್ತಿನ ಎಲ್ಲ ವಿನ್ಯಾಸಗಳನ್ನೂ ಕೆಡಿಸಿದೆ, ಕೆಡಿಸಲಾಗದ ವಿನ್ಯಾಸ ಇದೊಂದೇ ಎಂದರು. ಬೆನ್ನಿರುವ ಕುರ್ಚಿಯನ್ನು ನಾಲ್ಕು ಜನ ಹೊತ್ತು ತಂದರು. ನಕ್ಷೆಗಾರ ಕೂತ. ನಿಧಾನವಾಗಿ ಹಿಂದಕ್ಕೆ ಒರಗಿದ. ಹತ್ತೊಂಬತ್ತು ವರ್ಷಗಳ ನೋವು ಬೆನ್ನಿನಿಂದ ಜಾರಿ ಕೆಳಗಿಳಿದಂತಾಗಿ, ನಾಲ್ಕು ಜನರ ಮುಂದೆಯೇ ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿ ಕಚೇರಿಗೇ ಬಂದು, ಕುರ್ಚಿಯನ್ನು ಹಿಂದಿನಿಂದ ಮುಟ್ಟಿ, ಗಟ್ಟಿಯಾಗಿದೆ ಎಂದು ಖಚಿತಪಡಿಸಿಕೊಂಡು ಹೋದಳು.

ಹನ್ನೊಂದನೆಯ ದಿನ ಟೇಪಮ್ಮ ಓಡೋಡಿ ಬಂದಳು. ವಯಸ್ಸಾದವಳು, ಏದುಸಿರು ಬಿಡುತ್ತಿದ್ದಳು, ಮುಖವೆಲ್ಲ ನಗು. ಬೂಟಿನ ತುಂಬ ಕೆಸರು.

"ನಕ್ಷೆಯವರೇ, ಬನ್ನಿ ಬೇಗ! ಎರಡು ದಿನ ಮಳೆ ಬಂತಲ್ಲಾ, ಆ ಮರದ ಜಾಗದಲ್ಲಿ ಚಿಗುರಿದೆ! ಅಳೆದೆ. ಒಂದು ಗೇಣು. ಎರಡು ಎಲೆ. ಬರ್ಕೊಳ್ಳಿ!"

ನಕ್ಷೆಗಾರ ಬರೆದುಕೊಳ್ಳಲಿಲ್ಲ. ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಮಂಜೂರಾದ ನಕ್ಷೆ ನೆಲಕ್ಕೆ ತಾಳೆ ತಪ್ಪಿದರೆ ಮಂಜೂರಾತಿ ರದ್ದು. ಮಂಜೂರಾತಿ ರದ್ದಾದರೆ ಅದರಿಂದ ಬಂದದ್ದೆಲ್ಲವೂ ರದ್ದು. ನಿವೃತ್ತಿಗೆ ಇನ್ನು ಐವತ್ತು ದಿನವೂ ಇರಲಿಲ್ಲ.

ನಿರ್ದೇಶಕರು ವಿಷಯ ಕೇಳಿ ಗಂಭೀರರಾದರು. "ಇದು ಒತ್ತುವರಿ" ಎಂದರು. ಸಂರಕ್ಷಿತಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸಿ ನೆಲೆಸಿದ್ದಕ್ಕೆ ಗಿಡಕ್ಕೆ ನೋಟಿಸು ಜಾರಿಯಾಯಿತು. ಏಳು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಏಳು ದಿನದಲ್ಲಿ ಗಿಡ ಉತ್ತರ ಕೊಡುವ ಬದಲು ಇನ್ನೆರಡು ಎಲೆ ಬಿಟ್ಟಿತು. ಇದನ್ನು ಉದ್ಧಟತನವೆಂದು ದಾಖಲಿಸಿಕೊಂಡು ತೆರವಿಗೆ ಆದೇಶವಾಯಿತು. ತೆರವು ಮಾಡಬೇಕಾದವನು, ನಕ್ಷೆಗೆ ಸಹಿ ಹಾಕಿದವನು.

ನಕ್ಷೆಗಾರ ಮೈದಾನದಲ್ಲಿ ಮಂಡಿಯೂರಿ ಕೂತ. ಎಲೆಗಳು ಎಳೆಯವಾಗಿದ್ದವು, ಅಂಚು ಕೆಂಪಗಿತ್ತು. ಇಷ್ಟು ವರ್ಷ ಕಾಡಿನ ನಕ್ಷೆ ಬರೆದರೂ ಅವನು ಒಂದು ಗಿಡವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಟೇಪಮ್ಮ ಒಂದೇ ಮಾತು ಹೇಳಿದಳು.

"ಬೇಡ, ನಕ್ಷೆಯವರೇ."

ಅವನು ಕಿತ್ತ. ಅದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ, ಬೇರು ಇನ್ನೂ ಬೆರಳಿನಷ್ಟೇ ಇತ್ತು. ಕಿತ್ತಾದ ಮೇಲೆ ಅದನ್ನು ಎಲ್ಲಿ ಇಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಟೇಪಮ್ಮ ಟೇಪು ಸುತ್ತಿ, ಅವನ ಮುಂದಿಟ್ಟು, ಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ, ಸೊನ್ನೆಯನ್ನು ಅಳೆಯಲು ಆಳು ಬೇಡವೆಂದು ತೀರ್ಮಾನವಾಯಿತು.

ಮುಂದಿನ ವಾರ ಮೂರು ಚಿಗುರಿದವು. ಅದರ ಮುಂದಿನ ವಾರ ಹನ್ನೊಂದು. ನಕ್ಷೆಗಾರನಿಗೆ ಕೈ ಪಳಗಿತು. ಸೋಮವಾರ ಬೆಳಿಗ್ಗೆ ಹೋಗಿ ಹನ್ನೆರಡು ಗಂಟೆಯೊಳಗೆ ಮುಗಿಸಿ ಬಂದು ಕುರ್ಚಿಗೆ ಒರಗುತ್ತಿದ್ದ. ಉಗುರಲ್ಲಿ ಮಣ್ಣು ನೋಡಿ ಹೆಂಡತಿ, "ಕೊನೆಗಾಲಕ್ಕೆ ಕಾಡಿನ ಕೆಲಸ ಮಾಡೋ ಹಾಗಾದ್ರಲ್ಲಾ" ಎಂದು ಹೆಮ್ಮೆಪಟ್ಟಳು. ಅಂಥ ಅನುಭವಸ್ಥ ಬೇರೆ ಸಿಗುವುದಿಲ್ಲವೆಂದು ಅವನ ಸೇವೆಯನ್ನು ಐದು ವರ್ಷ ವಿಸ್ತರಿಸಲಾಯಿತು. ಇಡೀ ವರ್ಷದಲ್ಲಿ ಒಂದು ಚದರ ಅಡಿ ಕಾಡನ್ನೂ ಕಳೆದುಕೊಳ್ಳದ ಏಕೈಕ ಸಂರಕ್ಷಿತಾರಣ್ಯವೆಂದು ಮೈದಾನಕ್ಕೆ ಪ್ರಶಸ್ತಿ ಬಂತು.

ಈಗ ಬೇರೆ ಬೇರೆ ಕಡೆಯ ಕಚೇರಿಗಳವರು ತಂಡ ತಂಡವಾಗಿ ನೋಡಲು ಬರುತ್ತಾರೆ. ಮೊನ್ನೆ ಬಂದವರಲ್ಲಿ ಒಬ್ಬ ತರುಣ ಅಧಿಕಾರಿ ಬೇಲಿಯ ಹೊರಗೆ ನಿಂತು, ಬೋಳು ನೆಲವನ್ನು ಆ ಕಡೆಯಿಂದ ಈ ಕಡೆಯವರೆಗೆ ಆಸೆಯಿಂದ ನೋಡಿ ಕೇಳಿದ.

"ನಮ್ಮಲ್ಲಿ ಇನ್ನೂ ಆರುನೂರು ಚದರ ಕಿಲೋಮೀಟರ್ ಕಾಡಿದೆ ಸಾರ್. ನೀವು ಈ ಮಟ್ಟಕ್ಕೆ ಹೇಗೆ ತಂದ್ರಿ?"

ನಕ್ಷೆಗಾರ ಕೈಯಲ್ಲಿದ್ದ ಚಿಗುರುಗಳನ್ನು ಬುಟ್ಟಿಗೆ ಹಾಕಿ, ಮಣ್ಣು ಒರೆಸಿಕೊಂಡು, ವಿನಯದಿಂದ ಹೇಳಿದ.

"ಒಂದೇ ಸಲಕ್ಕೆ ಆಗಲ್ಲ ಸಾರ್. ಸಂರಕ್ಷಿಸ್ತಾ ಸಂರಕ್ಷಿಸ್ತಾ ಬರಬೇಕು."

ತಂಡದವರೆಲ್ಲ ಅದನ್ನು ಬರೆದುಕೊಂಡರು.